ಏಳನೆಯ ಸಾಲಿನ ಎಲೆ

ಮಡಿವಾಳೆಪ್ಪ ಎಲೆಯನ್ನು ಮೂಗಿಗೆ ಹಿಡಿದ ಕೂಡಲೇ ಹಸಿರುಮನೆಯ ನಾಲ್ಕೂ ಫ್ಯಾನುಗಳು ಒಮ್ಮೆಲೇ ನಿಂತವು.

ಕರೆಂಟು ಹೋಗಿತ್ತು. ತಿರ್ಲಾಪುರದ ಬಯಲಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಆದರೆ ಗಾಳಿ ನಿಂತು ಅರ್ಧ ನಿಮಿಷವಾದರೂ ಎಲೆಗಳು ಅಲುಗುತ್ತಲೇ ಇದ್ದವು. ಎಂಟು ಸಾಲು ಗಿಡ. ಒಂದೊಂದು ಸಾಲೂ ಇಲ್ಲಿಂದ ಹುಬ್ಬಳ್ಳಿ ಮುಟ್ಟುವಷ್ಟು ಉದ್ದ. ಅಷ್ಟೂ ಗಿಡಗಳು, ಮದುವೆಮನೆಗೆ ಕರೆಯದೆ ಬಂದವನನ್ನು ನೋಡುವ ಹಾಗೆ, ಮಡಿವಾಳೆಪ್ಪನನ್ನು ನೋಡುತ್ತಿದ್ದವು.

ಹಾಡುಹಗಲು ಹನ್ನೆರಡು. ಊರ ಹೆಂಗಸರನ್ನು ಕೇಳಿ: ದೆವ್ವಕ್ಕೆ ನಡುರಾತ್ರಿಗಿಂತ ನಡುಮಧ್ಯಾಹ್ನವೇ ಪ್ರೀತಿ. ಹೊರಗೆ ಎರೆಹೊಲದಲ್ಲಿ ಹತ್ತಿಗಿಡದ ನೆರಳು ಬುಡದಲ್ಲೇ ಮುದುಡಿ ಕೂತಿತ್ತು. ಒಂದು ಕಾಗೆಯೂ ಬಾಯಿ ಬಿಡಲಿಲ್ಲ.

ಮಡಿವಾಳೆಪ್ಪ ಹೆದರಲಿಲ್ಲ. ಬೆವರಿದ, ಅಷ್ಟೆ.

ಅವನ ಮೂಗು ಸಾಮಾನ್ಯ ಮೂಗಲ್ಲ. ಇಪ್ಪತ್ತೆಂಟು ವರ್ಷ ಬೀಜ ನಿರೀಕ್ಷಕನಾಗಿ, ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ನವಲಗುಂದದ ಗೋದಾಮಿನಲ್ಲಿ ನಕಲಿ ಹತ್ತಿಬೀಜಕ್ಕೆ ಬಣ್ಣ ಹಚ್ಚುವುದನ್ನು ಹಿಡಿದ ಮೂಗು ಅದು. ಅಂಥ ಮೂಗು ಏಳು ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇದ್ದರೆ ಅದು ಪೊಲೀಸ್ ನಾಯಿಯದು, ಅದೂ ಈಗ ನಿವೃತ್ತವಾಗಿದೆ.

ಆ ಮೂಗಿಗೇ ಸವಾಲು ಬಿದ್ದಿತ್ತು. ಹಾವಿನ ವಿಷ ಇಳಿಸುವ ಮದ್ದನ್ನು ಈ ಗಿಡಗಳು ತಮ್ಮ ಎಲೆಯೊಳಗೇ ತಯಾರಿಸುತ್ತವೆ; ಐದು ತಿಂಗಳಲ್ಲಿ ನಾಲ್ಕು ಕೊಯ್ಲಿನ ಮದ್ದು, ಬೀಗ ಮುರಿಯದೆ, ಎಲೆ ಹರಿಯದೆ, ಎಲೆಯ ಹೊಟ್ಟೆಯಿಂದಲೇ ಮಾಯವಾಗಿತ್ತು. ಕೊಯ್ಲಿನ ಮೇಸ್ತ್ರಿ ಗೌರಕ್ಕ ಒಳ್ಳೆಯ ಎಲೆ ಹೊರಗೆ ಮಾರಿ ಸಾದಾ ಎಲೆ ತುಂಬಿದ್ದಾಳೆ ಎಂದು ಮ್ಯಾನೇಜರ್ ಪ್ರಭು ದೂರು ಬರೆದಿಟ್ಟಿದ್ದ. ಸಂಜೆ ಐದಕ್ಕೆ ಪೊಲೀಸ್ ಜೀಪು ಬರುತ್ತದೆ. ಅಷ್ಟರೊಳಗೆ ಮಡಿವಾಳೆಪ್ಪ ನಿಜ ತೋರಿಸಬೇಕು, ಇಲ್ಲವೇ ಗೌರಕ್ಕ ಜೀಪು ಹತ್ತಬೇಕು.

ಯೋಚನೆ ಹತ್ತಿದರೆ ಅವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹೋಯಿತು. ಜೇಬು ಖಾಲಿ. ನಶ್ಯದ ಡಬ್ಬಿಯನ್ನು ಕಾವಲುಗಾರ ಅಲ್ಲಾಸಾಬ ಬಾಗಿಲಲ್ಲೇ ಕಿತ್ತುಕೊಂಡಿದ್ದ.

“ತಪಕೀರ ಒಳಗ ನಡ್ಯಂಗಿಲ್ರಿ ಸಾಹೇಬ್ರ. ಈ ಗಿಡಾ ತಂಬಾಕಿನ ತಂಗಿ ಅಂತ. ಅಕ್ಕನ ರೋಗ ತಂಗಿಗಿ ಹತ್ತತೈತಿ ಅಂತಾರ ರೋಹಿಣಿಬಾಯಾರು.”

“ಲೇ ಅಲ್ಲಾಸಾಬ, ಇದು ಅಂಗಡಿ ಮಾಲಲ್ಲ. ಲವಂಗ, ಪಚ್ಚಕರ್ಪೂರ ಕೂಡ್ಸಿ ನಾನ ಅರದದ್ದು. ಲೋಕದಾಗ ಇದೊಂದ ಡಬ್ಬಿ. ಹೊಸಬ್ರು ಮೂಸಿದ್ರ ಬರೋಬ್ಬರಿ ಏಳು ಸೀನು. ಆರಲ್ಲ, ಎಂಟಲ್ಲ.”

ಅಲ್ಲಾಸಾಬ ನಂಬದೆ ಮುಚ್ಚಳ ತೆಗೆದ. ಏಳು ಸೀನಿದ. ಏಳನೆಯದಕ್ಕೆ ಅವನ ಟೊಪ್ಪಿಗೆ ಹಾರಿ ಹತ್ತಿಹೊಲದಲ್ಲಿ ಬಿತ್ತು. ಕಣ್ಣೀರು ಒರೆಸಿಕೊಳ್ಳುತ್ತ ಡಬ್ಬಿಯನ್ನು ಬಾಗಿಲ ಪಕ್ಕದ ತನ್ನ ಕಿಟಕಿಯ ಗೂಡಿನಲ್ಲಿಟ್ಟ.

ಹಾಗಾಗಿ ಈಗ ಮಡಿವಾಳೆಪ್ಪನ ಮೂಗು ಬರಿದಾಗಿತ್ತು, ಮಳೆ ತೊಳೆದ ಹಲಗೆಯಷ್ಟು ಶುದ್ಧವಾಗಿತ್ತು. ಗಿಡದಲ್ಲೇ ಇದ್ದ ಎಲೆಯನ್ನು ಮೂಸಿದ: ಹಸಿರು, ಕಹಿ. ಇವತ್ತಿನ ಕೊಯ್ಲಿನ ಬುಟ್ಟಿಯಿಂದ ತಂದ ಎಲೆಯನ್ನು ಮೂಸಿದ: ಹಸಿರು, ಕಹಿ, ಅದರ ಕೆಳಗೆ ನೆನೆದ ಗೋಣಿಚೀಲ, ಇನ್ನೂ ಕೆಳಗೆ ಮೋಟರಿನ ಎಣ್ಣೆ.

ಇವತ್ತು ಬೆಳಿಗ್ಗೆ ಕೊಯ್ದ ಎಲೆಗೆ ಮೋಟರಿನ ಎಣ್ಣೆಯ ವಾಸನೆ ಎಲ್ಲಿಂದ ಬಂತು?

ಆಗ ಏಳನೆಯ ಸಾಲಿನಲ್ಲಿ ಯಾರೋ ಉಸಿರು ಬಿಟ್ಟಂತಾಯಿತು.

ತಿರುಗಿ ನೋಡಿದ. ಯಾರೂ ಇಲ್ಲ. ಕರೆಂಟು ಬಂತು, ಫ್ಯಾನು ತಿರುಗಿದವು, ನೇರಳೆ ಬಣ್ಣದ ದೀಪಗಳು ಹತ್ತಿಕೊಂಡವು. ಆ ಬೆಳಕಿನಲ್ಲಿ ಎಲೆಗಳೆಲ್ಲ ಹೆಪ್ಪುಗಟ್ಟಿದ ನೆತ್ತರಿನ ಹಾಗೆ ಕಪ್ಪಾಗಿ ಕಂಡವು. ಮಡಿವಾಳೆಪ್ಪ ಹೊರಬಿದ್ದ. ಓಡಲಿಲ್ಲ, ಕಾಲು ತಾವೇ ಅವಸರ ಮಾಡಿದವು.

“ಕಾಕಾ, ನಾ ದೆವ್ವಾ ನಂಬಾಕಿ ಅಲ್ಲ,” ಎಂದಳು ರೋಹಿಣಿ. ಕುಂದಗೋಳದ ಹುಡುಗಿ, ಈ ಗಿಡಗಳಿಗೆ ಮದ್ದು ಮಾಡುವುದನ್ನು ಕಲಿಸಿದ ವಿಜ್ಞಾನಿ; ಮಡಿವಾಳೆಪ್ಪನನ್ನು ಕರೆಸಿದವಳೂ ಅವಳೇ. “ಆದ್ರ ಇದನ್ನ ನೋಡಿದ ಮ್ಯಾಲೆ ಒಬ್ಬಾಕಿನ ಒಳಗ ಹೋಗಾಕ ಮನಸಾಗವಲ್ದು.”

ಪ್ರಯೋಗಶಾಲೆಯ ಮೇಜಿನ ಮೇಲೆ, ಎಲೆಯ ರಸ ಪರೀಕ್ಷಿಸಿ ತೆಗೆದ ಒಂದು ಫೋಟೋ. ಬಿಳುಪಿನ ಮೇಲೆ ನೀಲಿ ಗೀಟುಗಳು, ಏಣಿಯ ಮೆಟ್ಟಿಲಿನ ಹಾಗೆ.

“ಮ್ಯಾಲಿನ ದಪ್ಪ ಗೀಟು ಇಡೀ ಮದ್ದು. ಕೆಟ್ಟ ನಾಲ್ಕೂ ಕೊಯ್ಲಿನ್ಯಾಗ ಆ ಜಾಗಾ ಬೋಳು. ಕೆಳಗ ನೋಡ್ರಿ. ಬರೇ ಚೂರು.”

“ಯಾರ್ ಕತ್ತರ್ಸಿದ್ರು?”

“ಗಿಡಾನ. ಪ್ರತಿ ಎಲಿಯೊಳಗ ಸಣ್ಣ ಸಣ್ಣ ಕತ್ರಿ ಇರ್ತಾವ್ರಿ. ಕಿಣ್ವ ಅಂತೀವಿ. ಹಳೇ ಪ್ರೋಟೀನು ಕತ್ತರ್ಸಿ ಹೊಸದಕ್ಕ ಬಳಸೂದು ಅವುರ ದಂಧೆ. ನಮ್ಮ ಮದ್ದೂ ಪ್ರೋಟೀನ. ಇದು ಮಂದಿ ಜೀವಾ ಉಳಸೂದು ಅಂತ ಅವಕ್ಕೇನ ಗೊತ್ತು? ಸಿಕ್ಕದ್ದು ಕತ್ತರಸ್ತಾವ.”

“ಅಂದ್ರ ಜ್ವಾಳದ ಹಗೇವಿನ್ಯಾಗ ಇಲಿ ಹೊರಗಿಂದ ಬಂದಿಲ್ಲ. ಒಳಗ ಹುಟ್ಟೈತಿ.”

“ಬರೋಬ್ಬರಿ. ಅದಕ್ಕ ಮದ್ದಿನ ಜೋಡಿ ಒಂದು ಕಾವಲ ಪ್ರೋಟೀನೂ ಮಾಡಸ್ತೀವಿ. ಅದು ಹೋಗಿ ಕತ್ರಿ ಬಾಯಾಗ ಸಿಕ್ಕೊಂಡು ಕುಂದರತೈತಿ. ಇಷ್ಟಾದ್ರೂ ಕೊಯ್ದ ಇಪ್ಪತ್ತ ನಿಮಿಷದಾಗ ಎಲಿ ಥಂಡಿ ಕ್ವಾಣಿ ಸೇರಬೇಕು. ಸಾಯೂ ಎಲಿಯೊಳಗ ಕತ್ರಿ ಹುಚ್ಚೆದ್ದು ಕುಣಿತಾವ.”

ಮಡಿವಾಳೆಪ್ಪನ ಕಣ್ಣು ಗೋಡೆಯ ಮೇಲೆ ನಿಂತಿತ್ತು. ಅಲ್ಲಿ ಗೊಬ್ಬರದಂಗಡಿಯವರು ಕೊಟ್ಟ, ಇಡೀ ವರ್ಷ ಒಂದೇ ಹಾಳೆಯಲ್ಲಿರುವ ಕ್ಯಾಲೆಂಡರು. ಕೆಟ್ಟ ಕೊಯ್ಲಿನ ದಿನಗಳಿಗೆ ರೋಹಿಣಿ ಕೆಂಪು ಗೀಟು ಹಾಕಿದ್ದಳು. ನಾಲ್ಕು ಕೆಂಪು ಗೀಟು. ನಾಲ್ಕರ ಕೆಳಗೂ ಒಂದೊಂದು ಕಪ್ಪು ದುಂಡು ಚುಕ್ಕೆ.

ಅಮಾವಾಸ್ಯೆ. ಅಮಾವಾಸ್ಯೆ. ಅಮಾವಾಸ್ಯೆ. ಅಮಾವಾಸ್ಯೆ.

ಇವತ್ತಿನ ಅಂಕಿಯ ಕೆಳಗೂ ಅದೇ ಚುಕ್ಕೆ, ಕಣ್ಣು ಬಿಟ್ಟುಕೊಂಡು ಕೂತಿತ್ತು.

ಓದು ಬಲ್ಲ ರೋಹಿಣಿ ಐದು ತಿಂಗಳು ಅದರೆದುರು ಕೂತು ಯಂತ್ರಗಳನ್ನು ಬಿಚ್ಚಿ ನೋಡಿದ್ದಳು. ತಾರೀಖು ನೋಡಿದ್ದಳು, ತಿಥಿ ನೋಡಿರಲಿಲ್ಲ.

ಮೋಟರ್ ಮನೆಯ ಮೆಟ್ಟಿಲ ಮೇಲೆ ಗೌರಕ್ಕ ಕೂತಿದ್ದಳು. ಐವತ್ತರ ಹೆಂಗಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎಲೆಯ ಕಲೆ. ಮಡಿವಾಳೆಪ್ಪ ಸುತ್ತು ಬಳಸಲಿಲ್ಲ.

“ಗೌರಕ್ಕ, ಇವತ್ತಿನ ಎಲಿ ಯಾವಾಗ ಕೊಯ್ದಿ?”

“ಮುಂಜಾನೆ ಆರಕ್ಕರಿ ಅಣ್ಣಾರ.”

“ಮಂದಿಗೆ ಸುಳ್ಳ ಹೇಳು. ನನ್ನ ಮೂಗಿಗೆ ಹೇಳಬ್ಯಾಡ. ನಿನ್ನೆ ಸಂಜಿಕೆ ಕೊಯ್ದು, ಹಸೇ ಗೋಣ್ಯಾಗ ಸುತ್ತಿ, ಈ ಬಾಗಲದ ಹಿಂದ ಇಟ್ಟಿದ್ದಿ.”

ಗೌರಕ್ಕ ಸೆರಗು ಸರಿಮಾಡಿಕೊಂಡಳು.

“ಅಮಾಸಿ ದಿನಾ ಹಸರಿಗಿ ಕುಡಗೋಲ ಹಚ್ಚತಾರೇನ್ರಿ? ನಮ್ಮ ಹೊಲದಾಗ ಎತ್ತ ಸೈತ ಹೂಡಂಗಿಲ್ಲ. ಹನ್ನೆರಡ ಮಂದಿ ಹೆಣಮಕ್ಕಳು, ಒಬ್ಬಾಕಿನೂ ಬ್ಲೇಡ ಮುಟ್ಟಲಿಲ್ಲ. ಮ್ಯಾನೇಜರ್ರಿಗೆ ಹೇಳಿದ್ರ, ಗಿಡಕ್ಕೇನ ಪಂಚಾಂಗ ಓದಾಕ ಬರತೈತೇನು ಅಂತ ನಕ್ಕರು. ಅದಕ್ಕ ಮುನ್ನಾದಿನಾನ ಕೊಯ್ದು ಇಡ್ತೀವಿ.”

“ಬಾಡಂಗಿಲ್ಲೇನು?”

“ಬಾಡೂದ?” ಗೌರಕ್ಕನ ದನಿಯಲ್ಲಿ ಮೊದಲ ಸಲ ಸಿಟ್ಟು ಬಂತು. “ಹದಿನೆಂಟ ವರ್ಷ ನವಲಗುಂದ ಸಂತ್ಯಾಗ ಮೆಂತೆ, ರಾಜಗಿರಿ, ಪುಂಡಿಪಲ್ಲೆ ಮಾರಿದಾಕಿ ನಾ! ನಾ ಗೋಣ್ಯಾಗ ಸುತ್ತಿದ ತಪ್ಪಲ ಮೂರ ದಿನಾ ನಗಮುಖ ಇರತೈತಿ. ಆ ಬುಟ್ಟ್ಯಾಗ ಒಂದ ಬಾಡಿದ ಎಲಿ ತೋರಸ್ರಿ, ಈಗಿಂದೀಗ ಜೀಪ ಹತ್ತತೇನಿ.”

“ಮ್ಯಾಲೆ ನಗತಿತ್ತು ಗೌರಕ್ಕ. ಒಳಗ ತನ್ನ ಹೊಟ್ಟಿ ತಾನ ತಿಂತಿತ್ತು.”

ರೋಹಿಣಿ ಹೇಳಿದ ಕತ್ತರಿಯ ಕಥೆಯನ್ನು ಮಡಿವಾಳೆಪ್ಪ ಹೇಳಿದ. ಗೌರಕ್ಕ ಕೇಳುತ್ತ ಕೇಳುತ್ತ ತನ್ನ ಎರಡೂ ಕೈಯನ್ನು ಬೇರೆಯವರ ಕೈ ಎಂಬಂತೆ ನೋಡಿಕೊಂಡಳು.

“ನಮ್ಮ ಅಕ್ಕನ ಮಗಳು ಹತ್ತಿ ಬಿಡಸುವಾಗ ಹಾವು ಕಡದು ಹೋತರಿ. ಸಂತಿ ಬಿಟ್ಟು ಇಲ್ಲಿಗಿ ಬಂದದ್ದ ಅದಕ್ಕ. ನನ್ನ ಕೈಲೇನ ಮದ್ದ ಕೆಡ್ತೇನ್ರಿ? ಕೆಟ್ಟಿದ್ರ ಬೈರಿ, ಹೊಡೀರಿ. ಕಳ್ಳಿ ಅನ್ನಬ್ಯಾಡ್ರಿ.”

“ತಪ್ಪ ಮಾಡೀದಿ, ಕಳುವಲ್ಲ. ತಪ್ಪಿಗೆ ಜೀಪ ಬರಂಗಿಲ್ಲ. ಸುಮ್ಮಕುಂದ್ರು.”

ಒಂದೇ ತಾಸಿನಲ್ಲಿ ಪ್ರಕರಣ ಬಗೆಹರಿದಿತ್ತು! ಮಡಿವಾಳೆಪ್ಪನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಎರಡನೆಯ ಗುಂಡಿ ಸಿಡಿದು ಬಾವಿಗೆ ಬಿತ್ತು. ಉಳಿದದ್ದು ಪುರಾವೆ ಮಾತ್ರ. ಗೋಣಿಯಲ್ಲಿ ಉಳಿದಿದ್ದ, ಒಂದನೆಯ ಸಾಲಿನ ಒಂದು ಎಲೆ. ಈಗಲೇ ಗಿಡದಿಂದ ಕೊಯ್ದ ಒಂದು ಎಲೆ. ಎರಡನ್ನೂ ರೋಹಿಣಿ ಪರೀಕ್ಷಿಸಲಿ. ಗೋಣಿಯದು ಚೂರು, ಗಿಡದ್ದು ಇಡಿ. ಪ್ರಭು ಬಾಯಿ ಮುಚ್ಚಬೇಕು.

ಪ್ರಭು ಬಂದು ಮೂಗು ಮುರಿದ. “ಸಾಬೀತ ಆಗೂತನಕ ಈಕಿ ನನ್ನ ಆಫೀಸಿನ್ಯಾಗ, ನನ್ನ ಕಣ್ಣಮುಂದ ಕುಂದರಬೇಕು,” ಎಂದು ಗೌರಕ್ಕನನ್ನು ಕರೆದುಕೊಂಡು ಹೋದ. ಆಗ ಗಂಟೆ ಒಂದು.

ಗಿಡದ ಎಲೆಯನ್ನು ಏಳನೆಯ ಸಾಲಿನಿಂದ ಮಡಿವಾಳೆಪ್ಪನೇ ಕೊಯ್ದ. ಅಮಾವಾಸ್ಯೆಯ ದಿನ ಹಸಿರಿಗೆ ಬ್ಲೇಡು ಹಚ್ಚಿದ ಮೊದಲಿಗ. ತೊಟ್ಟು ಕಡಿದಾಗ ಆ ಸಾಲಿನ ಎಲೆಗಳು ತುದಿಯವರೆಗೂ ಒಮ್ಮೆ ನಡುಗಿದವು. ಫ್ಯಾನಿನ ಗಾಳಿ ಎಂದು ಅವನು ತನಗೆ ತಾನೇ ಮೂರು ಸಲ ಹೇಳಿಕೊಂಡ. ಎಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರೋಹಿಣಿಯ ಕೈಸೇರಿತು.

ಪರೀಕ್ಷೆ ಮುಗಿಯಲು ಮೂರು ತಾಸು. ಮಡಿವಾಳೆಪ್ಪ ಬೇವಿನ ಮರದ ಕೆಳಗೆ ಒರಗಿ, ಕುಂದಗೋಳದವರೆಗೆ ಕೇಳಿಸುವ ಹಾಗೆ ಗೊರಕೆ ಹೊಡೆದ.

ನಾಲ್ಕಕ್ಕೆ ರೋಹಿಣಿ ಬಂದು ಎಬ್ಬಿಸಿದಳು. ಅವಳ ಮುಖ ಸುಣ್ಣ.

ಹೊಸ ಫೋಟೋದಲ್ಲಿ ಎರಡು ಏಣಿ. ಗೋಣಿಯ ಎಲೆಯ ಮೇಲಿನ ಗೀಟು ತೆಳುವಾಗಿತ್ತು, ಕೆಳಗೆ ಚೂರುಗಳಿದ್ದವು. ಆದರೂ ಗೀಟು ಇತ್ತು. ಗಿಡದಿಂದ ಈಗಷ್ಟೇ ಕೊಯ್ದು, ಮಂಜಿನಲ್ಲಿಟ್ಟು ತಂದ ಎಲೆಯ ಮೇಲ್ಭಾಗ ಪೂರ್ತಿ ಬೋಳು.

ಸತ್ತದ್ದು ಅರ್ಧ ಬದುಕಿತ್ತು. ಬದುಕಿದ್ದದ್ದು ಪೂರ್ತಿ ಸತ್ತಿತ್ತು.

“ಗೋಣಿ ಅರ್ಧಾ ಕೆಡಸತೈತಿ ಕಾಕಾ, ಅಷ್ಟ. ಆ ನಾಲ್ಕ ಕೊಯ್ಲಿನ್ಯಾಗ ಒಂದ ಕಾಳೂ ಉಳದಿದ್ದಿಲ್ಲ. ಗೌರಕ್ಕ ಕೊಯ್ಯೂಕಿಂತ ಮೊದಲ, ನಿಂತ ಗಿಡದಾಗ, ಯಾರೋ...” ಅವಳು ಫೋಟೋ ಮಡಚಿದಳು. “ಹೋಗೂಣು ಬರ್ರಿ. ಎಲಿ ಹಿಂದ ನೋಡಬೇಕು.”

ಅಲ್ಲಾಸಾಬ ಬಾಗಿಲು ತೆಗೆದ. ಹಸಿರುಮನೆಗೆ ಇರುವುದು ಅದೊಂದೇ ಬಾಗಿಲು. ಏಳನೆಯ ಸಾಲಿನಲ್ಲಿ ರೋಹಿಣಿ ಒಂದು ಎಲೆಯನ್ನು ಮಗುಚಿದಳು.

“ಪ್ರೋಟೀನು ಮಾಡೂದು ಕಲಿಸೂ ನೀರನ್ನ, ಸೂಜಿ ಇಲ್ಲದ ಸಿರಿಂಜು ಎಲಿ ಬೆನ್ನಿಗೆ ಒತ್ತಿ, ಒಳಗ ಹಾಕ್ತೀವಿ. ಒಂದು ಮದ್ದಿಂದು, ಒಂದು ಕಾವಲಿಂದು. ಎಲಿಗೆ ಎರಡ ಗುರುತು. ತಾಸೆರಡ ತಾಸಿನ್ಯಾಗ ಒಣಗತಾವ.”

ಮಡಿವಾಳೆಪ್ಪ ಎಣಿಸಿದ. ಒಣಗಿದ ಸಣ್ಣ ಉಂಗುರದಂಥ ಗುರುತುಗಳು. ಒಂದು. ಎರಡು. ಮೂರು.

ಪಕ್ಕದ ಎಲೆ: ಮೂರು. ಅದರಾಚೆಯ ಗಿಡ: ಮೂರು. ಆ ಸಾಲಿನ ಉದ್ದಕ್ಕೂ ಎಲ್ಲ ಎಲೆಗಳ ಬೆನ್ನಿಗೂ ಯಾರೋ ಸಮಾಧಾನದಿಂದ, ಒಂದೂ ತಪ್ಪದೆ, ಮುತ್ತಿಟ್ಟು ಹೋದ ಹಾಗಿತ್ತು.

“ಮೂರನೇದು ನಾ ಹಾಕಿದ್ದಲ್ಲ,” ರೋಹಿಣಿ ಪಿಸುಗುಟ್ಟಿದಳು. “ಅದು ಕತ್ರಿ ಕಾಕಾ. ನನ್ನ ಕಾವಲಿಗೆ ಬಗ್ಗಲಾರದಂಥ ಕತ್ರಿ ತಂದು ಬಿತ್ತ್ಯಾರ.”

ಅಮಾವಾಸ್ಯೆಯ ಗೋಣಿಯ ಗುಟ್ಟು ಆ ಯಾರಿಗೋ ಮೊದಲೇ ಗೊತ್ತಿತ್ತು. ಕೆಟ್ಟದ್ದೆಲ್ಲ ಗೌರಕ್ಕನ ತಲೆಗೆ ಬರಲಿ ಎಂದು ದಿನ ನೋಡಿ ಕೆಲಸ ಮಾಡಿದ್ದ.

ರೋಹಿಣಿ ಏಳನೆಯ ಸಾಲಿನ ಎಲೆಗಳನ್ನು ಎಣಿಸುತ್ತ ನಿಂತಳು. ಮಡಿವಾಳೆಪ್ಪ ಒಬ್ಬನೇ ಎಂಟನೆಯ ಸಾಲಿಗೆ ಹೋದ. ಅಲ್ಲಿನ ಗಿಡಗಳಿಗೆ ಎರಡೇ ಗುರುತು. ಸಾಲಿನ ಕೊನೆಯ ಗಿಡದ ಎಲೆ ಮಗುಚಿದ.

ಮೂರನೆಯ ಗುರುತಿತ್ತು. ಒಣಗಿದ ಉಂಗುರವಲ್ಲ, ಎಣ್ಣೆ ಬಿದ್ದ ಕಾಗದದ ಹಾಗೆ ಕಪ್ಪಗೆ, ಒದ್ದೆಯಾಗಿ ಹರಡಿತ್ತು. ಒತ್ತಿದ ನೀರು ಎಲೆಯೊಳಗೆ ಆರಲು ತಾಸೆರಡು ತಾಸು ಸಾಕು ಎಂದು ರೋಹಿಣಿ ಈಗಷ್ಟೇ ಹೇಳಿದ್ದಳು. ಅಂದರೆ ಇದು ಎರಡು ಗಂಟೆಯ ಈಚಿನದು. ಗೌರಕ್ಕ ಒಂದರಿಂದ ಪ್ರಭುವಿನ ಕಣ್ಣಮುಂದೆ ಕೂತಿದ್ದಾಳೆ.

ಈ ಒಂದು ಎಲೆ ಸಾಕು, ಅವಳು ಮನೆಗೆ ಹೋಗಲು!

ಎಲೆಯನ್ನು ತೊಟ್ಟಿನಿಂದ ಬಿಡಿಸಿದ. ಅಭ್ಯಾಸಬಲದಿಂದ ಮೂಸಿದ.

ಒದ್ದೆ ಗುರುತಿನ ಪಕ್ಕದಲ್ಲಿ ಹೆಬ್ಬೆಟ್ಟಿನಗಲದ ಕಂದು ಕಲೆ. ಲವಂಗ. ಪಚ್ಚಕರ್ಪೂರ. ಲೋಕದಲ್ಲಿ ಒಂದೇ ಡಬ್ಬಿ.

ಹೊರಗೆ ಜೀಪಿನ ಹಾರ್ನು ಕೇಳಿಸಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಬಾಗಿಲಿನೆದುರು ಎಲ್ಲರೂ ಸೇರಿದರು. ಜೀಪಿನಿಂದ ಇಳಿದ ಹವಾಲ್ದಾರ ಹನುಮೇಶ, ದೂರಿನ ಕಾಗದ ಹಿಡಿದ ಪ್ರಭು, ತಲೆಬಾಗಿದ ಗೌರಕ್ಕ, ಬೆವರೊರೆಸಿಕೊಳ್ಳುತ್ತಿದ್ದ ರೋಹಿಣಿ. ಅಲ್ಲಾಸಾಬ ಬಾಗಿಲು ಎಳೆದು ಮುಚ್ಚಿದ.

ಮಡಿವಾಳೆಪ್ಪ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಕಿಟಕಿಯ ಗೂಡಿನಲ್ಲಿ ಅವನ ಡಬ್ಬಿ ಇಟ್ಟಲ್ಲೇ ಇತ್ತು. ಮುಚ್ಚಳ ಮಾತ್ರ ಓರೆಯಾಗಿತ್ತು. ಅಲ್ಲಾಸಾಬನ ಪುಸ್ತಕದಲ್ಲಿ ಇವತ್ತು ಮಧ್ಯಾಹ್ನ ಒಳಗೆ ಹೋದವರ ಎರಡೇ ಹೆಸರು: ರೋಹಿಣಿ, ಮಡಿವಾಳೆಪ್ಪ. ಮಧ್ಯಾಹ್ನವೆಲ್ಲ ರೋಹಿಣಿ ಯಂತ್ರದ ಮುಂದಿದ್ದಳು, ಯಂತ್ರದಲ್ಲಿ ವೇಳೆ ಅಚ್ಚಾಗಿದೆ. ಅವನು ಬೇವಿನ ಮರದ ಕೆಳಗಿದ್ದ. ಕುಂದಗೋಳದವರೆಗೆ ಕೇಳಿಸಿದ ಆ ಗೊರಕೆಗೆ ಇಲ್ಲಿ ಒಬ್ಬ ಸಾಕ್ಷಿಯೂ ಇರಲಿಲ್ಲ.

ಎಲೆ ತೋರಿಸಿದರೆ ಗೌರಕ್ಕ ಪಾರು, ಅವನು ಜೀಪಿನಲ್ಲಿ. ಒಂದರ್ಧ ತಾಸು ಮುಷ್ಟಿ ಬಿಗಿಹಿಡಿದರೆ ಒದ್ದೆ ಆರುತ್ತದೆ, ಅವನು ಪಾರು.

“ಏನ್ರಿ ಮಡಿವಾಳೆಪ್ಪನವರ,” ಪ್ರಭು ನಕ್ಕ. “ಲೋಕಪ್ರಸಿದ್ಧ ಮೂಗಿಗೆ ಏನರ ಸಿಕ್ತೋ, ಬರೇ ನೆಗಡಿ ಬಂತೋ?”

ಹನುಮೇಶ ಜೀಪಿನ ಹಿಂದಿನ ಬಾಗಿಲು ತೆಗೆದ. “ಹತ್ತವಾ ಯವ್ವಾ.”

ಗೌರಕ್ಕ ಒಂದು ಕಾಲು ಮೇಲಿಟ್ಟಳು. ಮಡಿವಾಳೆಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಇನ್ನ್ಯಾವುದೋ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದನೇನೋ.

“ಆಕಿನ್ನ ಇಳಸ್ರಿ,” ಎಂದು ಮುಷ್ಟಿ ಬಿಚ್ಚಿದ. “ಈ ಎಲಿಗೆ ಕತ್ರಿ ಹಾಕಿ ಎರಡ ತಾಸೂ ಆಗಿಲ್ಲ. ಇನ್ನೂ ಹಸೇದೈತಿ. ರೋಹಿಣಿ, ನೋಡಿ ಹೇಳವಾ.”

ರೋಹಿಣಿ ನೋಡಿದಳು. “ಖರೇ ಐತ್ರಿ. ಗೌರಕ್ಕ ಆಗ ಆಫೀಸಿನ್ಯಾಗಿದ್ಲು.”

ಹನುಮೇಶ ಬಗ್ಗಿ ನೋಡಿದ. “ಬಾಜೂಕ ಇದೇನ್ರಿ ಕಂದು?”

“ತಪಕೀರ.”

“ಯಾರ್ದು?”

“ನಂದ.”

ಗೌರಕ್ಕ ಮೆಲ್ಲಗೆ ಕಾಲನ್ನು ನೆಲಕ್ಕಿಟ್ಟಳು. ಪ್ರಭುವಿನ ನಗು ಹುಳಿಯಾಯಿತು. ಹನುಮೇಶ ಜೀಪಿನ ಬಾಗಿಲು ಮುಚ್ಚದೆ, ಮಡಿವಾಳೆಪ್ಪನ ತೋಳಿಗೆ ಕೈ ಹಾಕಿದ.

ಆಗಲೇ ಕರೆಂಟು ಹೋಯಿತು. ನಾಲ್ಕೂ ಫ್ಯಾನು ನಿಂತವು.

ಆ ನಿಶ್ಶಬ್ದದಲ್ಲಿ, ಎಲ್ಲರೂ ಹೊರಗೆ ನಿಂತಿರುವಾಗ, ಹಸಿರುಮನೆಯ ಒಳಗೆ ಯಾರೋ ಸೀನಿದರು.

ಅಲ್ಲಾಸಾಬ ಒಂದು ಹೆಜ್ಜೆ ಹಿಂದೆ ಸರಿದ. “ಯಾ ಅಲ್ಲಾ,” ಎಂದ.

ಎರಡನೆಯ ಸೀನು. ಬಾಯಿಗೆ ಬಟ್ಟೆ ತುರುಕಿ ತಡೆದಂಥದ್ದು. ಮೂರನೆಯದು. ಪ್ಲಾಸ್ಟಿಕ್ಕಿನ ಗೋಡೆಯಾಚೆ, ಗಾಳಿ ಇಲ್ಲದೆ, ಎಲೆಗಳು ಒಂದು ಗೆರೆಯಲ್ಲಿ ಅಲುಗುತ್ತ ಬಾಗಿಲ ಕಡೆ ಬರುತ್ತಿದ್ದವು. ನಾಲ್ಕು. ಐದು.

ಆರು.

ಮಡಿವಾಳೆಪ್ಪ ಬೆರಳು ಎತ್ತಿ ಏಳನೆಯದಕ್ಕೆ ಕಾದ. ಅವನ ನಶ್ಯ ಈವರೆಗೆ ಒಬ್ಬರನ್ನೂ ಆರಕ್ಕೆ ಬಿಟ್ಟಿರಲಿಲ್ಲ.

ಏಳನೆಯದು ಬರಲಿಲ್ಲ. ಅದರ ಬದಲಿಗೆ, ಅವರ ಕಣ್ಣೆದುರಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.